ಬೆಂಚ್ ಪವರ್ ಸಪ್ಲೈ ಹದ ತಪ್ಪಿದಾಗ: ಫರ್ಮ್‌ವೇರ್ ಅಳಿಸುವ ಮೊದಲು ನೋಡಬೇಕಾದದ್ದು

ಬೇಕಾದ ವೋಲ್ಟೇಜ್ ಇಟ್ಟುಕೊಳ್ಳಬಹುದಾದ ರಿಪೇರಿ ಮೇಜಿನ ಯಂತ್ರ, ಅಂದರೆ ಡಿಜಿಟಲ್ ಬೆಂಚ್ ಪವರ್ ಸಪ್ಲೈ, ಕೆಟ್ಟಾಗ ಲಕ್ಷಣಗಳೆಲ್ಲ ಸಾಫ್ಟ್‌ವೇರ್ ತೊಂದರೆಯಂತೆಯೇ ಕಾಣುತ್ತವೆ. ಪರದೆ ಬಿಳಿಚಿಕೊಂಡು ನಿಲ್ಲುತ್ತದೆ. ನಿನ್ನೆ ಇಟ್ಟ ವೋಲ್ಟೇಜ್ ಇಂದು ಮರೆತುಹೋಗಿರುತ್ತದೆ. ನಾಬನ್ನು ಮುಂದಕ್ಕೆ ತಿರುಗಿಸಿದರೆ ಅಂಕಿ ಹಿಂದಕ್ಕೆ ಓಡುತ್ತದೆ. ಲೋಡ್ ಹಾಕಿದ ಕೂಡಲೇ ಯಂತ್ರ ಮತ್ತೆ ಮೊದಲಿನಿಂದ ಚಾಲೂ ಆಗುತ್ತದೆ. "ಅಣ್ಣ, ಇದಕ್ಕೆ ಹೊಸ ಸಾಫ್ಟ್‌ವೇರ್ ಹಾಕಿಕೊಡಿ" ಎಂದೇ ಹುಡುಗರು ತಂದುಕೊಡುತ್ತಾರೆ. ಆದರೆ ಕೊಡಗಿನ ಮಳೆಗಾಲದಲ್ಲಿ ನನ್ನ ಮೇಜಿಗೆ ಬರುವ ಇಂಥ ಯಂತ್ರಗಳ ಪೈಕಿ ಹೆಚ್ಚಿನವುಗಳಲ್ಲಿ ಪ್ರೋಗ್ರಾಂ ಸರಿಯಾಗಿಯೇ ಇರುತ್ತದೆ. ಪ್ರೋಗ್ರಾಂ ಓಡಿಸುವ ಚಿಪ್ಪಿಗೆ ನೆಟ್ಟಗೆ ವೋಲ್ಟೇಜ್ ಸಿಗುತ್ತಿರುವುದಿಲ್ಲ, ಇಲ್ಲವೇ ಬೋರ್ಡ್ ತೇವ ಕುಡಿದಿರುತ್ತದೆ. ಅವಸರದಲ್ಲಿ ಫರ್ಮ್‌ವೇರ್ (ಚಿಪ್ಪಿನೊಳಗಿನ ಪ್ರೋಗ್ರಾಂ) ಅಳಿಸಿದರೆ ಸರಿಪಡಿಸಬಹುದಾಗಿದ್ದ ಯಂತ್ರವೂ ಕೈತಪ್ಪುತ್ತದೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ರಿಪೇರಿ ಅಂಗಡಿಯವರಿಗೂ ಮನೆಯಲ್ಲೇ ಕೈಯಾಡಿಸುವ ವಿದ್ಯಾರ್ಥಿಗಳಿಗೂ ಉಪಯೋಗವಾಗಲಿ ಎಂದು, ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮುಚ್ಚಳ ತೆಗೆಯುವಾಗ

ನಮ್ಮಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಒಂದು, ಭಾರವಾದ ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಸಪ್ಲೈ. ವೋಲ್ಟೇಜ್ ಏರಿಸಿದಂತೆ ಒಳಗೆ ರಿಲೇ ಟಕ್ ಟಕ್ ಎನ್ನುತ್ತದೆ. ಇನ್ನೊಂದು, ಎಸ್‌ಎಂಪಿಎಸ್ (ಹಗುರವಾದ ಸ್ವಿಚಿಂಗ್ ಸಪ್ಲೈ) ಪೆಟ್ಟಿಗೆಯ ಮುಂದೆ ಆರ್‌ಡಿ6006 ಅಥವಾ ಡಿಪಿಎಸ್5005ರಂಥ, ಪರದೆ ಮತ್ತು ನಾಬ್ ಇರುವ ಸಿದ್ಧ ಮಾಡ್ಯೂಲ್ ಕೂರಿಸಿ ಮನೆಯಲ್ಲೇ ಕಟ್ಟಿದ್ದು. ಎರಡನೆಯದರಲ್ಲಿ ಅಪಾಯ ಹೆಚ್ಚು. 230 ವೋಲ್ಟ್ ಎಸಿ ನೇರವಾಗಿ ಡಿಸಿ ಆಗುವ ಕಡೆ, ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿಯಬಹುದು. ಮೀಟರ್ ಇಟ್ಟು ನೋಡಿ, ಹೋಲ್ಡರ್‌ಗೆ ಹಾಕಿದ 40 ವಾಟ್ ಫಿಲಮೆಂಟ್ ಬಲ್ಬಿನ ಮೂಲಕ ಖಾಲಿ ಮಾಡಿ, ಮತ್ತೊಮ್ಮೆ ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ಅಭ್ಯಾಸ ಬಿಡಿ. ಕೆಪಾಸಿಟರ್ ಹಾಳಾಗುತ್ತದೆ, ಕಣ್ಣಿಗೂ ಅಪಾಯ.

ಮೊದಲ ಸಲ ವಿದ್ಯುತ್ ಕೊಡುವಾಗ ಸೀರೀಸ್ ಬೋರ್ಡಿನ (ಯಂತ್ರಕ್ಕೆ ಹೋಗುವ ಕರೆಂಟ್ ಫಿಲಮೆಂಟ್ ಬಲ್ಬೊಂದರ ಮೂಲಕ ಹಾಯುವ ಬೋರ್ಡು) ಮೂಲಕವೇ ಕೊಡಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಮುಂದುವರಿಯಬಹುದು. ಪೂರ್ತಿ ಉರಿಯುತ್ತಲೇ ಇದ್ದರೆ ಎಸಿ ಕಡೆಯಲ್ಲೇ ಶಾರ್ಟ್ ಇದೆ. ಅಂಥ ಯಂತ್ರದಲ್ಲಿ ಫರ್ಮ್‌ವೇರ್ ಮಾತಿಗೆ ಇನ್ನೂ ಹೊತ್ತಿದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ನಂತರ ಬಂದ ಯಂತ್ರವಾದರೆ ಫ್ಯೂಸ್ ಪಕ್ಕದ ನೀಲಿ ಬಿಲ್ಲೆಯಂಥ ವೇರಿಸ್ಟರ್ ಸೀಳಿ ಕಪ್ಪಾಗಿದೆಯೇ ಎಂದು ಮೊದಲು ನೋಡಿ. ಅದನ್ನು ಕಿತ್ತುಹಾಕಿ ಹೊಸ ಫ್ಯೂಸ್ ಹಾಕಿದರೆ ಯಂತ್ರ ನಡೆಯಬಹುದು, ಆದರೆ ಹಾಗೆಯೇ ವಾಪಸು ಕೊಡಬಾರದು. ಅದೇ ರೇಟಿಂಗ್‌ನ ಹೊಸ ವೇರಿಸ್ಟರ್ ಕೂರಿಸಿದರೇ ಮುಂದಿನ ಸಿಡಿಲಿಗೆ ತಡೆ.

ತಪ್ಪುತ್ತಿರುವುದು ಪರದೆಯೋ ಔಟ್‌ಪುಟ್ಟೋ

ಲೋಡ್ ಏನನ್ನೂ ಹಾಕದೆ 5 ವೋಲ್ಟ್ ಇಟ್ಟು, ಪ್ರತ್ಯೇಕ ಮಲ್ಟಿಮೀಟರನ್ನು ಟರ್ಮಿನಲ್‌ಗೆ ಹಿಡಿಯಿರಿ. ಬಳಿಕ 12 ವೋಲ್ಟ್, 24 ವೋಲ್ಟ್. ಪರದೆ ಹೇಳುವುದನ್ನೂ ಮೀಟರ್ ಹೇಳುವುದನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಈ ಪುಟ್ಟ ಪಟ್ಟಿ ಅರ್ಧ ದಾರಿ ತೋರಿಸುತ್ತದೆ.

ಏನೇ ಇಟ್ಟರೂ ಔಟ್‌ಪುಟ್‌ನಲ್ಲಿ ಒಳಬರುವ ವೋಲ್ಟೇಜೇ ಪೂರ್ತಿ ಕಾಣುತ್ತಿದ್ದರೆ ಔಟ್‌ಪುಟ್ಟನ್ನು ನಿಯಂತ್ರಿಸುವ ಪವರ್ ಮಾಸ್ಫೆಟ್ ಅಥವಾ ಪಾಸ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಇದು ಎಲ್ಲಕ್ಕಿಂತ ಕೆಟ್ಟ ದೋಷ. ಪರದೆಯ ಮೇಲೆ 5 ಎಂದಿರುತ್ತದೆ, ತಂತಿಯಲ್ಲಿ 60 ಬರುತ್ತಿರುತ್ತದೆ, ಸಿಕ್ಕಿಸಿದ ಮೊಬೈಲ್ ಬೋರ್ಡ್ ಆ ಕ್ಷಣವೇ ಸಾಯುತ್ತದೆ. ವಿದ್ಯುತ್ ತೆಗೆದು ಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ, ಮಾಸ್ಫೆಟ್‌ನ ಡ್ರೇನ್ ಮತ್ತು ಸೋರ್ಸ್ ನಡುವೆ ಎರಡೂ ದಿಕ್ಕಿನಲ್ಲಿ ನೋಡಿ. ಎರಡೂ ಕಡೆ ಸೊನ್ನೆಗೆ ಹತ್ತಿರ ತೋರಿಸಿದರೆ ಅದನ್ನು ಬಿಚ್ಚಿ ಹೊರಗಿಟ್ಟು ಇನ್ನೊಮ್ಮೆ ಅಳೆಯಿರಿ. ಮಾಸ್ಫೆಟ್ ಬದಲಿಸುವಾಗ ಅದನ್ನು ಓಡಿಸುವ ಡ್ರೈವರ್ ಚಿಪ್ಪನ್ನೂ ಅನುಮಾನದಿಂದ ನೋಡಿ. ಒಂದು ಹೋದಾಗ ಇನ್ನೊಂದನ್ನೂ ಎಳೆದುಕೊಂಡು ಹೋಗುವುದು ಹೆಚ್ಚು.

ಔಟ್‌ಪುಟ್ ಸರಿಯಿದ್ದು ಪರದೆ ಮಾತ್ರ ಏನೇನೋ ತೋರಿಸುತ್ತಿದ್ದರೆ ಪರದೆಯ ರಿಬ್ಬನ್ ಕೇಬಲ್ ತೆಗೆದು, ಒರೆಸಿ, ಮತ್ತೆ ಕೂರಿಸಿ ನೋಡಿ. ಎರಡೂ ಸ್ವಲ್ಪ ಸ್ವಲ್ಪವೇ ತಪ್ಪುತ್ತಿದ್ದರೆ, ಇಲ್ಲವೇ ಯಂತ್ರ ತಾನಾಗಿಯೇ ಮರುಚಾಲೂ ಆಗುತ್ತಿದ್ದರೆ ಮುಂದಿನ ಭಾಗ ಓದಿ.

ಚಿಪ್ಪಿನ ಊಟ: 3.3 ವೋಲ್ಟ್

ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಸ್‌ಟಿಎಂ32 ಬಗೆಯ ಮೈಕ್ರೋಕಂಟ್ರೋಲರ್ ಇರುತ್ತದೆ, ಅದಕ್ಕೆ 3.3 ವೋಲ್ಟ್ ಬೇಕು. ಕೊಡುವುದು ಬಹುಮಟ್ಟಿಗೆ ಎಎಂಎಸ್1117 ಎಂಬ ಪುಟ್ಟ ರೆಗ್ಯುಲೇಟರ್: ಒಂದು ಕಡೆ ಮೂರು ಕಾಲು, ಇನ್ನೊಂದು ಕಡೆ ಅಗಲವಾದ ಪಟ್ಟಿ. ಆ ಅಗಲದ ಪಟ್ಟಿಯೇ ಔಟ್‌ಪುಟ್, ಆದ್ದರಿಂದ ಪ್ರೋಬ್ ಇಡುವುದು ಸುಲಭ. ಕಪ್ಪು ಪ್ರೋಬನ್ನು ಬೋರ್ಡಿನ ಗ್ರೌಂಡಿಗೆ, ಕೆಂಪನ್ನು ಆ ಪಟ್ಟಿಗೆ ಇಡಿ. 3.25ರಿಂದ 3.35ರ ಒಳಗೆ ಬಂದರೆ ನೆಮ್ಮದಿ. 5ರ ಹತ್ತಿರ ಬಂದರೆ ರೆಗ್ಯುಲೇಟರ್ ಶಾರ್ಟ್ ಆಗಿದೆ. ಈ ಚಿಪ್‌ಗಳು ತಡೆಯುವುದು 3.6 ವೋಲ್ಟ್‌ವರೆಗೆ ಮಾತ್ರ, ಹೀಗಾಗಿ ಮೈಕ್ರೋಕಂಟ್ರೋಲರ್ ಉಳಿದಿರುವ ಭರವಸೆ ಕಡಿಮೆ. 3ಕ್ಕಿಂತ ಕೆಳಗಿದ್ದು ಚಿಪ್ಪೊಂದು ಬಿಸಿಯಾಗುತ್ತಿದ್ದರೆ ಬೋರ್ಡಿನಲ್ಲೇ ಎಲ್ಲೋ ಕರೆಂಟ್ ಸೋರುತ್ತಿದೆ. ಬೋರ್ಡಿನ ಮೇಲೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದರೆ, ಎಲ್ಲಿ ಬೇಗ ಆರುತ್ತದೋ ಆ ಭಾಗವೇ ಬಿಸಿ. ಇದನ್ನು ಮಾಡ್ಯೂಲಿನ ಕಡಿಮೆ ವೋಲ್ಟೇಜ್ ಕಡೆ ಮಾತ್ರ ಮಾಡಿ. ಆಲ್ಕೋಹಾಲ್ ಬೆಂಕಿ ಹಿಡಿಯುವ ವಸ್ತು.

ನಿಂತ ವೋಲ್ಟೇಜ್ ಸರಿಯಿದ್ದರೂ ಕೆಲಸ ಮುಗಿಯಲಿಲ್ಲ. ಮೀಟರನ್ನು ಎಸಿ ಮಿಲಿವೋಲ್ಟ್‌ಗೆ ತಿರುಗಿಸಿ ಅದೇ ಜಾಗದಲ್ಲಿ ನೋಡಿ. ಕೆಲವೇ ಮಿಲಿವೋಲ್ಟ್ ಇರಬೇಕು. ಐವತ್ತು ದಾಟಿದರೆ ರೆಗ್ಯುಲೇಟರ್ ಹಿಂದಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿದೆ ಎಂದು ತಿಳಿಯಬಹುದು. ತಲೆ ಉಬ್ಬಿರಲೇಬೇಕೆಂದಿಲ್ಲ, ನೋಡಲು ಹೊಸದರಂತಿದ್ದೂ ಒಳಗೆ ಸತ್ತ ಕೆಪಾಸಿಟರ್‌ಗಳು ಬೇಕಾದಷ್ಟಿವೆ. ಅದೇ ರೇಟಿಂಗ್‌ನ, 105 ಡಿಗ್ರಿ ತಡೆಯುವಂಥದ್ದನ್ನು ಹಾಕಿ. ಆಸಿಲೊಸ್ಕೋಪ್ ಇದ್ದರೆ 3 ವೋಲ್ಟಿಗೆ ಕೆಳಮುಖ ಟ್ರಿಗರ್ ಇಟ್ಟು, ಸಿಂಗಲ್ ಸ್ಥಿತಿಯಲ್ಲಿ ಕಾಯಲು ಬಿಟ್ಟು, ಫ್ಯಾನ್ ತಿರುಗಲು ಶುರುವಾಗುವಂತೆ ಅಥವಾ ರಿಲೇ ಬದಲಾಗುವಂತೆ ಮಾಡಿ. ಆ ಗಳಿಗೆಯಲ್ಲಿ ಗೆರೆ ಕುಸಿದರೆ ಕಳ್ಳ ಸಿಕ್ಕಿದ ಹಾಗೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಎಸ್‌ಟಿಎಂ32ಎಫ್103 ಸುಮಾರು 2 ವೋಲ್ಟ್‌ವರೆಗೂ ಓಡುತ್ತಲೇ ಇರುತ್ತದೆ, ರಿಸೆಟ್ ಆಗುವುದು ಅದಕ್ಕೂ ಕೆಳಗೆ. ಆದರೆ 3.3ನ್ನೇ ಅಳತೆಗೋಲಾಗಿ ಬಳಸುವ ಬೋರ್ಡಿನಲ್ಲಿ ಅದು 3.0ಕ್ಕೆ ಇಳಿದರೆ ಎಲ್ಲ ಲೆಕ್ಕವೂ ಶೇಕಡಾ ಹತ್ತರಷ್ಟು ಓರೆಯಾಗುತ್ತದೆ. ಪ್ರೋಗ್ರಾಂ ತನ್ನ ಪಾಡಿಗೆ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ, ಕೈಗೆ ಕೊಟ್ಟ ಅಳತೆಗೋಲೇ ಸುಳ್ಳಾಗಿರುತ್ತದೆ. ಹೊಸ ಫರ್ಮ್‌ವೇರ್ ಹಾಕಿದರೂ ಈ ತಪ್ಪು ಹಾಗೆಯೇ ಉಳಿಯುತ್ತದೆ.

ಲೀನಿಯರ್ ಯಂತ್ರವಾದರೆ ಗೋಡೆಯ ವೋಲ್ಟೇಜನ್ನೂ ಅಳೆಯಿರಿ. ತೋಟದ ಲೈನಿನ ತುದಿಯಲ್ಲಿರುವ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ರ ಕೆಳಗೆ ಬರುವುದುಂಟು. ಆಗ ಒಳಗಿನ ಸಹಾಯಕ ಸಪ್ಲೈ ಕೂಡ ಸೊರಗಿ, ಲೋಡ್ ಹಾಕಿದ ತಕ್ಷಣ ಯಂತ್ರ ರಿಸೆಟ್ ಆಗುತ್ತದೆ. ಮಡಿಕೇರಿಯ ಅಂಗಡಿಯಲ್ಲಿ ಚೆನ್ನಾಗಿ ಓಡಿದ್ದು ಮಾಲ್ದಾರೆಯ ಮನೆಗೆ ಹೋದರೆ ನಿಲ್ಲುವುದು ಹೀಗೆ. ಚೌಕ ಅಲೆ ಕೊಡುವ ಅಗ್ಗದ ಇನ್ವರ್ಟರ್ ಮೇಲೆ ಓಡಿಸಿ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವ ಸ್ಥಿತಿಯಲ್ಲೂ ಯಾವ ತೀರ್ಮಾನಕ್ಕೂ ಬರಬೇಡಿ.

ಕಕ್ಕಡದ ತೇವ

ಜುಲೈ, ಆಗಸ್ಟ್‌ನಲ್ಲಿ ಬಟ್ಟೆ ಒಣಗದ ಊರಿನಲ್ಲಿ ಬೋರ್ಡ್ ಮಾತ್ರ ಒಣಗಿರಲಿ ಎಂದರೆ ಆಗುವುದಿಲ್ಲ. ಕಕ್ಕಡ ತಿಂಗಳಲ್ಲಿ ಬರುವ "ವೋಲ್ಟೇಜ್ ತಪ್ಪು ತೋರಿಸುತ್ತದೆ" ಎಂಬ ದೂರನ್ನು ನಾನು ಬೇರೆಯಾಗಿಯೇ ನೋಡುತ್ತೇನೆ.

ಔಟ್‌ಪುಟ್ ವೋಲ್ಟೇಜನ್ನು ಚಿಪ್ಪಿಗೆ ತಲುಪಿಸುವುದು ಎರಡು ರೆಸಿಸ್ಟರ್‌ಗಳ ಜೋಡಿ. ಮೇಲಿನದು 100 ಕಿಲೋಓಮ್, ಕೆಳಗಿನದು 10 ಕಿಲೋಓಮ್ ಎಂದಿಟ್ಟುಕೊಳ್ಳೋಣ. ಬೆಸುಗೆಯ ಫ್ಲಕ್ಸ್ ಅಂಟು ಉಳಿದಿರುವ ಜಾಗದಲ್ಲಿ ಧೂಳು ಕೂತು, ತೇವ ಸೇರಿ, ಕೆಳಗಿನ ರೆಸಿಸ್ಟರ್‌ಗೆ ಅಡ್ಡಲಾಗಿ 1 ಮೆಗಾಓಮ್‌ನಷ್ಟು ಸೋರಿಕೆಯ ದಾರಿ ಉಂಟಾದರೆ 10 ಕಿಲೋಓಮ್ ಇದ್ದದ್ದು 9.9 ಆಗುತ್ತದೆ. ಚಿಪ್ಪಿಗೆ ವೋಲ್ಟೇಜ್ ಶೇಕಡಾ 0.9ರಷ್ಟು ಕಡಿಮೆಯಾಗಿ ಕಾಣುತ್ತದೆ, ಅದನ್ನು ಸರಿದೂಗಿಸಲು ಯಂತ್ರ ಔಟ್‌ಪುಟ್ ಏರಿಸುತ್ತದೆ. ಪರದೆಯಲ್ಲಿ 12.00, ಟರ್ಮಿನಲ್‌ನಲ್ಲಿ 12.11. ಇದನ್ನು ಕಂಡವರು ಮೆನುವಿಗೆ ಹೋಗಿ ಕ್ಯಾಲಿಬ್ರೇಷನ್ (ಅಳತೆ ಸರಿಹೊಂದಿಸುವ ಅಂಕಿ) ತಿದ್ದುತ್ತಾರೆ. ನವೆಂಬರ್‌ನಲ್ಲಿ ಗಾಳಿ ಒಣಗಿದಾಗ ಅದೇ ಯಂತ್ರ 11.89 ಕೊಡುತ್ತದೆ. ಒದ್ದೆ ಯಂತ್ರವನ್ನು ಕ್ಯಾಲಿಬ್ರೇಟ್ ಮಾಡಬೇಡಿ. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಪರೀಕ್ಷೆ ಸರಳ. ಮೀಟರ್ ಹಿಡಿದಂತೆಯೇ ಹೇರ್ ಡ್ರೈಯರನ್ನು ಸಣ್ಣ ಬಿಸಿಯಲ್ಲಿಟ್ಟು ಬೋರ್ಡಿನ ಮೇಲೆ ಗಾಳಿ ಹಾಯಿಸಿ. ಅಂಕಿ ನಿಧಾನವಾಗಿ ಸರಿ ಜಾಗಕ್ಕೆ ಬಂದು ನಿಂತರೆ ಕಾರಣ ತೇವವೇ. ಆಗ ವಿದ್ಯುತ್ ತೆಗೆದು, ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೃದು ಬ್ರಷ್‌ನಿಂದ ಫ್ಲಕ್ಸ್ ತೊಳೆದು, ಪೂರ್ತಿ ಒಣಗಿಸಿ, ಮೇಲೆ ತೇವ ತಡೆಯುವ ಕನ್ಫಾರ್ಮಲ್ ಲೇಪನ ಕೊಡಿ. ನಾಬ್, ಕನೆಕ್ಟರ್ ಮತ್ತು ರಿಲೇಗಳಿಗೆ ಲೇಪನ ತಾಗದಂತೆ ಟೇಪ್ ಅಂಟಿಸಿಕೊಳ್ಳಿ. ತೊಳೆಯುವಾಗಲೇ ಇರುವೆ ಗೂಡು, ಹಲ್ಲಿಯ ಹಿಕ್ಕೆ ಸಿಕ್ಕರೆ ಫ್ಯಾನ್ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕುವುದೂ ಒಳ್ಳೆಯದು.

ನಾಬಿನ ತೊಂದರೆಗೂ ತೇವವೇ ಮೂಲ. ಇಸಿ11 ಬಗೆಯ ರೋಟರಿ ಎನ್‌ಕೋಡರ್ ಒಳಗಿನ ಲೋಹದ ನಾಲಿಗೆಗೆ ಕಿಲುಬು ಹಿಡಿದರೆ ಒಂದು ಹೆಜ್ಜೆ ತಿರುಗಿಸಿದಾಗ ಎರಡು ಹಿಂದೆ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ಎರಡೂ ಕಡೆ ಚೆನ್ನಾಗಿ ತಿರುಗಿಸಿ. ಸರಿಯಾಗದಿದ್ದರೆ ಬದಲಿಸಿ, ಅಗ್ಗದ ಭಾಗ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಳ್ಳಬಹುದು.

ಬೇಲಿ ಬ್ಯಾಟರಿ ಚಾರ್ಜ್ ಮಾಡುವವರಿಗೆ

ತಿತಿಮತಿ, ಸಿದ್ದಾಪುರ, ಮಾಲ್ದಾರೆ ಕಡೆ ಆನೆ ತಡೆಯಲು ಸೋಲಾರ್ ಬೇಲಿ ಹಾಕಿದವರಿಗೆ ಮಳೆಗಾಲದ ಪಾಡು ಗೊತ್ತು. ಬಿಸಿಲಿಲ್ಲದೆ 12 ವೋಲ್ಟ್ ಬ್ಯಾಟರಿ ಬರಿದಾಗುತ್ತದೆ, ತಂದು ಬೆಂಚ್ ಸಪ್ಲೈಗೆ ಸಿಕ್ಕಿಸುತ್ತಾರೆ. 14.4 ವೋಲ್ಟ್, ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಪಾಲು ಕರೆಂಟ್: ಇಷ್ಟು ಇಟ್ಟರೆ ಚಾರ್ಜ್ ಆಗುತ್ತದೆ, ತಪ್ಪೇನಿಲ್ಲ. ಕೆಡುಕು ಶುರುವಾಗುವುದು ಮಧ್ಯೆ ಕರೆಂಟ್ ಹೋದಾಗ.

ಬಕ್ (ವೋಲ್ಟೇಜ್ ಇಳಿಸುವ) ಮಾಡ್ಯೂಲಿನ ಮಾಸ್ಫೆಟ್‌ನಲ್ಲಿ ಸಹಜವಾಗಿಯೇ ಒಂದು ಡಯೋಡ್ ಅಡಗಿರುತ್ತದೆ. ಒಳಬರುವ ವೋಲ್ಟೇಜ್ ನಿಂತ ಕೂಡಲೇ ಬ್ಯಾಟರಿಯ ಕರೆಂಟ್ ಆ ಡಯೋಡಿನ ಮೂಲಕ ಹಿಂದಕ್ಕೆ ನುಗ್ಗಿ ಮಾಡ್ಯೂಲನ್ನೇ ಓಡಿಸತೊಡಗುತ್ತದೆ. ಮನೆಯಲ್ಲಿ ದೀಪವಿಲ್ಲ, ಆದರೆ ಯಂತ್ರದ ಪರದೆ ಉರಿಯುತ್ತಲೇ ಇದೆ! ಒಳಗೆ ವೋಲ್ಟೇಜ್ ಅರೆಬರೆ, ಎಸ್‌ಎಂಪಿಎಸ್ ಪೆಟ್ಟಿಗೆಯೂ ಹಿಂದಿನಿಂದ ಕರೆಂಟ್ ಎಳೆಯುತ್ತಿರುತ್ತದೆ. ಚಿಪ್ ಒಮ್ಮೆ ಏಳುತ್ತದೆ, ಒಮ್ಮೆ ಬೀಳುತ್ತದೆ. ಆ ಸ್ಥಿತಿಯಲ್ಲಿ ಸೆಟ್ಟಿಂಗ್ ಉಳಿಸಲು ಮೆಮೊರಿಗೆ ಬರೆಯಹೊರಟರೆ ಅರ್ಧ ಬರಹ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಯಂತ್ರ ಲೋಗೋ ತೋರಿಸಿ ಅಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ನಾನು ಕಾಣುವ ನಿಜವಾದ ಮೆಮೊರಿ ದೋಷಗಳಲ್ಲಿ ಬಹುಪಾಲು ಇದೇ ದಾರಿಯಲ್ಲಿ ಬಂದವು.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಔಟ್‌ಪುಟ್ ಪ್ಲಸ್ ತಂತಿಯಲ್ಲಿ 10 ಆಂಪಿಯರ್‌ನ ಶಾಟ್ಕಿ ಡಯೋಡ್ ಒಂದನ್ನು ಹಾಕಿ, ಹೆಚ್ಚು ಕರೆಂಟಿದ್ದರೆ ಸಣ್ಣ ಹೀಟ್‌ಸಿಂಕ್ ಜೊತೆಗೆ. ಡಯೋಡ್ 0.4ರಿಂದ 0.5 ವೋಲ್ಟ್ ತಿನ್ನುವುದರಿಂದ ವೋಲ್ಟೇಜನ್ನು ಬ್ಯಾಟರಿಯ ತುದಿಯಲ್ಲಿ ಮೀಟರ್ ಹಿಡಿದೇ ಹೊಂದಿಸಬೇಕು. ಆರ್‌ಡಿ6006ರಲ್ಲಿ ಬ್ಯಾಟರಿಗೆಂದೇ ಹಸಿರು ಟರ್ಮಿನಲ್ ಬೇರೆಯಾಗಿದೆ, ಅದನ್ನೇ ಬಳಸಿ. ಯಾವ ಯಂತ್ರವಾದರೂ ಮೊದಲು ಬ್ಯಾಟರಿ ಬಿಡಿಸಿ, ಆಮೇಲೆ ಸ್ವಿಚ್ ಆರಿಸಿ.

ಈಗ ಫರ್ಮ್‌ವೇರ್

3.3 ವೋಲ್ಟ್ ಸರಿ, ಬೋರ್ಡ್ ಒಣಗಿದೆ, ನಾಬ್ ಸರಿ, ಆದರೂ ಯಂತ್ರ ಏಳುತ್ತಿಲ್ಲ ಎಂದಾದರೆ ಮೆಮೊರಿಯ ಕಡೆ ತಿರುಗಬಹುದು. ಒಳಗೆ ಎರಡು ಬಗೆಯ ಮಾಹಿತಿ ಇದೆ ಎಂಬುದು ನೆನಪಿರಲಿ. ಪ್ರೋಗ್ರಾಂ ಆ ಮಾದರಿಯ ಎಲ್ಲ ಯಂತ್ರಗಳಿಗೂ ಒಂದೇ, ಸಾಮಾನ್ಯವಾಗಿ ಮತ್ತೆ ಸಿಗುತ್ತದೆ. ಕ್ಯಾಲಿಬ್ರೇಷನ್ ಅಂಕಿಗಳು ನಿಮ್ಮ ಕೈಯಲ್ಲಿರುವ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು, ಕಳೆದುಹೋದರೆ ಯಾರೂ ಕೊಡಲಾರರು. ಆದ್ದರಿಂದ ಅಳಿಸುವ ಮೊದಲು ಉಳಿಸಿಕೊಳ್ಳಿ.

ಬೋರ್ಡಿನಲ್ಲಿ 24ಸಿ02ರಂಥ ಎಂಟು ಕಾಲಿನ ಇಇಪ್ರಾಮ್ (ವಿದ್ಯುತ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಮೆಮೊರಿ ಚಿಪ್) ಇದ್ದರೆ ಅದರಲ್ಲಿ ಇರುವುದು 256 ಬೈಟ್ ಮಾತ್ರ. ಸಿಎಚ್341ಎ ಪ್ರೋಗ್ರಾಮರ್‌ನಿಂದ ಓದಿ ಕಡತವಾಗಿ ಇಟ್ಟುಕೊಳ್ಳಲು ಕ್ಷಣಮಾತ್ರ ಸಾಕು. ಎರಡು ಸಲ ಓದಿ, ಎರಡೂ ಒಂದೇ ಇದೆಯೇ ಎಂದು ಹೋಲಿಸಿ. ಓದಿದ್ದೆಲ್ಲ ಎಫ್‌ಎಫ್ ಎಂದೇ ಬಂದರೆ ಚಿಪ್ ಖಾಲಿಯಾಗಿದೆ ಎಂದು ನಂಬುವ ಮುನ್ನ ಕ್ಲಿಪ್ ಸರಿಯಾಗಿ ಕಚ್ಚಿದೆಯೇ ನೋಡಿ. ಯಂತ್ರ ಇನ್ನೂ ಅರೆಜೀವ ಹಿಡಿದಿದ್ದರೆ ಯುಎಸ್‌ಬಿ ಮೂಲಕವೂ ಓದಬಹುದು. ಆರ್‌ಡಿ6006 ಮಾಡ್‌ಬಸ್ ಭಾಷೆಯಲ್ಲಿ 115200 ವೇಗದಲ್ಲಿ ಮಾತಾಡುತ್ತದೆ. 55ರಿಂದ 62ರವರೆಗಿನ ರಿಜಿಸ್ಟರ್‌ಗಳಲ್ಲಿ ಕ್ಯಾಲಿಬ್ರೇಷನ್ ಇದೆ. ಓದಿ, ಕಾಗದದ ಮೇಲೆ ಬರೆದಿಡಿ. ಅಲ್ಲಿಗೆ ಬರೆಯುವ ಸಾಹಸ ಸುಮ್ಮನೆ ಮಾಡಬೇಡಿ.

ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿ ನಿಂತ ಆರ್‌ಡಿ6006ಕ್ಕೆ ಎಂಟರ್ ಗುಂಡಿ ಒತ್ತಿ ಹಿಡಿದು ವಿದ್ಯುತ್ ಕೊಟ್ಟರೆ ಅದು ಬೂಟ್‌ಲೋಡರ್ (ಮುಖ್ಯ ಪ್ರೋಗ್ರಾಂ ತುಂಬಿಸುವ ಪುಟ್ಟ ಪ್ರೋಗ್ರಾಂ) ಸ್ಥಿತಿಗೆ ಬರುತ್ತದೆ, ಮತ್ತೆ ಅಪ್‌ಡೇಟ್ ಮಾಡಬಹುದು. ಬೂಟ್‌ಲೋಡರ್ ಬೇರೆ ಜಾಗದಲ್ಲಿ ಕೂತಿರುವುದರಿಂದ ಮುಖ್ಯ ಪ್ರೋಗ್ರಾಂ ಹಾಳಾದರೂ ಅದು ಉಳಿದಿರುತ್ತದೆ. ಕಂಪ್ಯೂಟರ್ ಯಂತ್ರವನ್ನೇ ಗುರುತಿಸುತ್ತಿಲ್ಲವೆಂದರೆ ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗ್‌ಗೆ ಮಾತ್ರ ಬರುವ, ಡೇಟಾ ತಂತಿಯೇ ಇಲ್ಲದ ಕೇಬಲ್‌ಗಳು ಮನೆ ತುಂಬ ಇವೆ. ಅಪ್‌ಡೇಟ್ ಮಾಡುವಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿರಲಿ, ಸಪ್ಲೈ ಯುಪಿಎಸ್ ಮೇಲಿರಲಿ, ಆಕಾಶ ಗುಡುಗುತ್ತಿದ್ದರೆ ಆ ದಿನ ಬೇಡ.

ಬೂಟ್‌ಲೋಡರ್ ಕೂಡ ಸ್ಪಂದಿಸದಿದ್ದರೆ ಕೊನೆಯದಾಗಿ, ಚಿಪ್ಪಿಗೆ ನೇರವಾಗಿ ಪ್ರೋಗ್ರಾಂ ಹಾಕುವ ಎಸ್‌ಟಿ-ಲಿಂಕ್ ಸಾಧನ. ಗ್ರೌಂಡ್, ಎಸ್‌ಡಬ್ಲ್ಯುಡಿಐಒ, ಎಸ್‌ಡಬ್ಲ್ಯುಸಿಎಲ್‌ಕೆ, ಹೀಗೆ ಮೂರು ತಂತಿ ಬೆಸೆದು, ಬೋರ್ಡಿಗೆ ಅದರದೇ ವಿದ್ಯುತ್ ಕೊಟ್ಟು ಜೋಡಿಸಿ. ಇಲ್ಲಿ ಒಂದು ಬಾಗಿಲಿದೆ, ದಾಟಿದರೆ ಹಿಂದಿರುಗಲಾಗದು. ತಯಾರಕರು ಚಿಪ್ಪಿಗೆ ಓದು-ರಕ್ಷಣೆಯ ಬೀಗ ಹಾಕಿರಬಹುದು. ಆ ಬೀಗ ತೆಗೆಯಿರಿ ಎಂದು ಹೇಳಿದ ಮರುಕ್ಷಣ ಚಿಪ್ ತನ್ನ ಫ್ಲ್ಯಾಶ್ ಮೆಮೊರಿಯನ್ನೆಲ್ಲ ತಾನೇ ಅಳಿಸಿಕೊಳ್ಳುತ್ತದೆ; ಅದು ವಿನ್ಯಾಸದಲ್ಲೇ ಇರುವ ಗುಣ. ಡಿಪಿಎಸ್5005ಕ್ಕೆ ಓಪನ್‌ಡಿಪಿಎಸ್ ಎಂಬ ಮುಕ್ತ ಫರ್ಮ್‌ವೇರ್ ಇದೆ, ಆದರೆ ಅದನ್ನು ಹಾಕಿದ ಮೇಲೆ ಮೂಲ ಪ್ರೋಗ್ರಾಂ ಮರಳಿ ಬರುವುದಿಲ್ಲ. ಗೊತ್ತಿದ್ದೂ ಬೇಕೆಂದೇ ಹಾಕುವವರಿಗೆ ನನ್ನ ತಕರಾರಿಲ್ಲ. ಬೇರೆಯವರ ಯಂತ್ರವಾದರೆ ಅವರನ್ನು ಕೇಳದೆ ಮಾಡಬಾರದು.

ಚಿಪ್ಪಿನ ಮೇಲಿನ ಬರಹವನ್ನೂ ಭೂತಗನ್ನಡಿಯಲ್ಲಿ ಓದಿ. ಒಂದೇ ಮಾದರಿಯ ಬೋರ್ಡಿನಲ್ಲಿ ಎಸ್‌ಟಿಎಂ32 ಬದಲು ಜಿಡಿ32 ಅಥವಾ ಇನ್ನಾವುದೋ ಹೊಂದಾಣಿಕೆಯ ಚಿಪ್ ಇರಬಹುದು. ಎಸ್‌ಟಿಎಂ32 ಇದೆಯೆಂದು ನಿರೀಕ್ಷಿಸುವ ಪ್ರೋಗ್ರಾಮಿಂಗ್ ತಂತ್ರಾಂಶ ಬೇರೆ ಗುರುತು ಕಂಡು ಮುನಿಸಿಕೊಂಡರೆ ಚಿಪ್ ಸತ್ತಿದೆ ಎಂದು ಅರ್ಥವಲ್ಲ.

ಯುಎಸ್‌ಬಿ ಸಿಕ್ಕಿಸಿದಾಗ ಮಾತ್ರ ಕರೆಂಟ್ ತಪ್ಪಾಗಿ ತೋರಿಸುವ ದೂರು ಒಂದಿದೆ, ಅದಕ್ಕೂ ಫರ್ಮ್‌ವೇರ್ ಕಾರಣವಲ್ಲ. ಕರೆಂಟ್ ಅಳೆಯುವ ಶಂಟ್ ರೆಸಿಸ್ಟರ್ ನೆಗೆಟಿವ್ ಕಡೆ ಇದ್ದು, ನೀವು ಪರೀಕ್ಷಿಸುತ್ತಿರುವ ಬೋರ್ಡೂ ಅದೇ ಕಂಪ್ಯೂಟರ್‌ಗೆ ಜೋಡಿಸಿದ್ದರೆ, ಒಂದಷ್ಟು ಕರೆಂಟ್ ಶಂಟನ್ನು ತಪ್ಪಿಸಿಕೊಂಡು ಯುಎಸ್‌ಬಿ ಗ್ರೌಂಡ್ ಮೂಲಕ ಹೊರಟುಹೋಗುತ್ತದೆ. ಯುಎಸ್‌ಬಿ ಐಸೊಲೇಟರ್ ಹಾಕಿದರೆ ಸರಿಹೋಗುತ್ತದೆ.

ವಾಪಸು ಕೊಡುವ ಮುನ್ನ

ಕ್ಯಾಲಿಬ್ರೇಷನ್ ಬೇಕೇ ಬೇಕೆಂದಾದರೆ ಒಣಗಿದ ಬೋರ್ಡನ್ನು ಅರ್ಧ ಗಂಟೆ ಓಡಿಸಿ ಬೆಚ್ಚಗಾಗಿಸಿ, ನಂಬಿಕಸ್ತ ಮೀಟರ್ ಜೊತೆ ಮಾಡಿ. ನಾಲ್ಕೂವರೆ ಅಂಕಿಯ ಮೀಟರ್ ಉತ್ತಮ. ಅದಿಲ್ಲದವರು ಪೊನ್ನಂಪೇಟೆ ಅಥವಾ ಕುಶಾಲನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪರಿಚಯದ ಉಪನ್ಯಾಸಕರಿದ್ದರೆ ಕೇಳಿ ನೋಡಬಹುದು. ಹೊಸ ಬ್ಯಾಟರಿ ಹಾಕದ ಹಳೆಯ ಮೀಟರ್ ಮಾತ್ರ ಬೇಡ, ಬ್ಯಾಟರಿ ಇಳಿದ ಮೀಟರ್ ಹೆಚ್ಚು ತೋರಿಸುತ್ತದೆ.

ಲೋಡ್ ಪರೀಕ್ಷೆಗೆ ವಾಹನದ ಬಲ್ಬ್‌ಗಳು ಸಾಕು. 12 ವೋಲ್ಟಿನ 21 ವಾಟ್ ಇಂಡಿಕೇಟರ್ ಬಲ್ಬ್ ಸುಮಾರು 1.75 ಆಂಪಿಯರ್, 55 ವಾಟ್ ಹೆಡ್‌ಲೈಟ್ ಬಲ್ಬ್ ಸುಮಾರು 4.6 ಆಂಪಿಯರ್ ಎಳೆಯುತ್ತವೆ. ಬಲ್ಬ್ ತಣ್ಣಗಿರುವಾಗ ಇದರ ಹಲವು ಪಟ್ಟು ಎಳೆಯುವುದರಿಂದ ಕರೆಂಟ್ ಮಿತಿ ಕೆಲಸ ಮಾಡುತ್ತಿದೆಯೇ ಎಂಬುದೂ ಅದೇ ಹೊತ್ತಿಗೆ ತಿಳಿಯುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ, ಎರಡು ಸೆಕೆಂಡ್ ಬಿಟ್ಟು ಹಾಕಿ. ಮತ್ತೆ ಆರಿಸಿ, ಹತ್ತು ಸೆಕೆಂಡ್ ಬಿಟ್ಟು ಹಾಕಿ. ಬೇರೆ ಬೇರೆ ಅಂತರದಲ್ಲಿ ಹೀಗೆ ಹಲವು ಸಲ ಮಾಡಿ, ಪ್ರತಿ ಸಲವೂ ಇಟ್ಟ ವೋಲ್ಟೇಜ್ ನೆನಪಿದೆಯೇ, ಔಟ್‌ಪುಟ್ ತಾನಾಗಿ ಚಾಲೂ ಆಗದೆ ಆರಿದ ಸ್ಥಿತಿಯಲ್ಲೇ ಏಳುತ್ತದೆಯೇ ನೋಡಿ. ತಾನಾಗಿ ಚಾಲೂ ಆಗುವ ಆಯ್ಕೆ ಮೆನುವಿನಲ್ಲಿದ್ದರೆ ಅದನ್ನು ಆಫ್ ಮಾಡಿಯೇ ಕೊಡಿ. ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ, ಯಜಮಾನರು ತೋಟದಲ್ಲಿರುವಾಗ ಮೇಜಿನ ಮೇಲಿನ ಯಂತ್ರ ತನ್ನಷ್ಟಕ್ಕೆ 14.4 ವೋಲ್ಟ್ ಹರಿಸತೊಡಗಬಾರದು.